ಹೊಟ್ಟೆಯ ಹುಳುವೂ ಲೈನ್ ಮನೆಯ ಕಕ್ಕಸೂ



ಮಳೆಗಾಲದಲ್ಲಿ ತೋಟಕ್ಕೆ ಇಳಿಯುವ ನಮಗೆಲ್ಲರಿಗೂ ಇಂಬಳದ ಪರಿಚಯವುಂಟು. ಅದು ಕಾಲಿಗೆ ಹತ್ತುತ್ತದೆ, ರಕ್ತ ಕುಡಿಯುತ್ತದೆ, ಹೊಟ್ಟೆ ತುಂಬಿದ ಮೇಲೆ ತಾನೇ ಬಿದ್ದುಹೋಗುತ್ತದೆ. ಸುಣ್ಣ, ಹೊಗೆಸೊಪ್ಪು, ಉಪ್ಪು ಇವುಗಳಿಂದ ಅದನ್ನು ಓಡಿಸುವುದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಕಣ್ಣಿಗೆ ಕಾಣದ ಇನ್ನೊಂದು ಇಂಬಳವುಂಟು. ಅದೂ ಕಾಲಿನಿಂದಲೇ ಹತ್ತುತ್ತದೆ. ಆದರೆ ಕಾಲಿನಲ್ಲಿ ನಿಲ್ಲುವುದಿಲ್ಲ, ಒಳಗೆ ಹೋಗಿ ಕರುಳನ್ನು ಕಚ್ಚಿ ಹಿಡಿಯುತ್ತದೆ. ತಾನಾಗಿ ಬಿದ್ದುಹೋಗದೆ ವರ್ಷಗಟ್ಟಲೆ ಅಲ್ಲೇ ಕುಳಿತು ರಕ್ತ ಹೀರುತ್ತದೆ. ಅದರ ಹೆಸರು ಕೊಕ್ಕೆಹುಳು.

ಹೊಟ್ಟೆಹುಳುಗಳಲ್ಲಿ ಇದೊಂದೇ ಅಲ್ಲ, ದುಂಡುಹುಳುವಿದೆ, ಚಾಟಿಹುಳುವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಣ್ಣಿನಿಂದ ಬರುವ ಈ ಹುಳುಗಳು ಲೋಕದಲ್ಲಿ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿವೆ. ಅವು ಸಿರಿವಂತರ ಬಂಗಲೆಗಳನ್ನು ಹುಡುಕಿಕೊಂಡು ಹೋಗುವುದು ಅಪರೂಪ. ಕಕ್ಕಸು ಇಲ್ಲದ ಕೇರಿ, ನೀರಿಲ್ಲದ ಲೈನು, ಕಾಡಂಚಿನ ಹಾಡಿ, ಊರ ಹೊರಗಿನ ತಾಂಡಾ, ಇವೇ ಅವುಗಳ ನೆಲೆ. ಆದ್ದರಿಂದ ಇದು ಡಾಕ್ಟರರಿಗೆ ಮಾತ್ರ ಸೇರಿದ ವಿಷಯವಲ್ಲ. ದುಡಿಯುವ ನಮ್ಮೆಲ್ಲರ ವಿಷಯ. ಅದರಲ್ಲಿಯೂ ನಮ್ಮೊಡನೆ ತೋಟಗಳಲ್ಲಿ ದುಡಿಯುವ ಯರವ, ಪಣಿಯ, ಜೇನುಕುರುಬ, ಬೆಟ್ಟಕುರುಬ ಬಂಧುಗಳ ವಿಷಯ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಆದರೆ ಹುಳು ಬರುವ ದಾರಿಯನ್ನು ಮುಚ್ಚುವುದಿಲ್ಲ. ಆ ದಾರಿಯನ್ನು ಮುಚ್ಚುವುದು ಕಕ್ಕಸು, ನೀರು ಮತ್ತು ಕಾಲಿಗೆ ಚಪ್ಪಲಿ. ಇವುಗಳನ್ನು ಕೊಡಬೇಕಾದವರು ಕೊಡದೆ ಬಡವನನ್ನು ಕೊಳಕನೆಂದೂ ಸೋಮಾರಿಯೆಂದೂ ಜರೆಯುವುದು ಅನ್ಯಾಯ.

ಹುಳು ಹೇಗೆ ಬರುತ್ತದೆ?

ಹೊಟ್ಟೆಯಲ್ಲಿ ಕೊಕ್ಕೆಹುಳುವಿರುವ ಒಬ್ಬರು ಬಯಲಿನಲ್ಲಿ ಮಲವಿಸರ್ಜನೆ ಮಾಡುತ್ತಾರೆ. ಆ ಮಲದಲ್ಲಿ ಹುಳುವಿನ ಮೊಟ್ಟೆಗಳಿರುತ್ತವೆ. ನೆರಳು, ತೇವ, ಬೆಚ್ಚನೆಯ ಮಣ್ಣು ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಐದರಿಂದ ಹತ್ತು ದಿನಗಳಲ್ಲಿ ಅದು ಮನುಷ್ಯನ ಚರ್ಮವನ್ನು ತೂರುವಷ್ಟು ಬೆಳೆಯುತ್ತದೆ. ಮೂರು ನಾಲ್ಕು ವಾರ ಮಣ್ಣಿನಲ್ಲಿ ಕಾಯುತ್ತಲೂ ಇರಬಲ್ಲದು. ಬರಿಗಾಲು ಅದರ ಮೇಲೆ ಬಿದ್ದರೆ ಸಾಕು, ಬೆರಳಸಂದಿಯ ಮೆತ್ತನೆಯ ಚರ್ಮದಿಂದ ಒಳಗೆ ಹೋಗುತ್ತದೆ. ಅಲ್ಲಿ ಸ್ವಲ್ಪ ತುರಿಕೆಯಾಗುತ್ತದೆ, ನಾವು ಕೆರೆದುಕೊಂಡು ಮರೆಯುತ್ತೇವೆ. ಮರಿಯೋ ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಉಗುಳಿನೊಡನೆ ಹೊಟ್ಟೆಗಿಳಿದು ಸಣ್ಣಕರುಳನ್ನು ಸೇರುತ್ತದೆ.

ಚರ್ಮದ ಮೂಲಕವೂ ಹುಳು ಒಳಗೆ ಬರುತ್ತದೆಂದು ಮೊದಲು ಕಂಡುಕೊಂಡವರು ಈಜಿಪ್ತಿನ ಕೈರೋದಲ್ಲಿದ್ದ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ. 1898ರ ಹೊತ್ತಿಗೆ ಮರಿಗಳಿದ್ದ ನೀರು ಅಕಸ್ಮಾತ್ತಾಗಿ ಅವರ ಕೈಮೇಲೆ ಚೆಲ್ಲಿತು. ಕೈ ತುರಿಸಿತು, ಕೆಂಪಾಯಿತು. ಕೆಲವು ವಾರಗಳ ಮೇಲೆ ಅವರ ಮಲದಲ್ಲಿಯೇ ಹುಳುವಿನ ಮೊಟ್ಟೆಗಳು ಕಾಣಿಸಿಕೊಂಡವು.

ಒಂದು ಕೊಕ್ಕೆಹುಳು ಒಂದು ಸೆಂಟಿಮೀಟರಿನಷ್ಟು ಉದ್ದವಿರುತ್ತದೆ. ಅದೊಂದು ಕುಡಿಯುವ ರಕ್ತ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದರೆ ನೂರು ಹುಳುಗಳಿದ್ದರೆ, ಅದರ ಜಾತಿಯನ್ನನುಸರಿಸಿ, ದಿನಕ್ಕೆ ಅರ್ಧ ಚಮಚದಿಂದ ಮೂರು ಚಮಚದವರೆಗೆ ರಕ್ತ ಹೋಗುತ್ತದೆ. ಪ್ರತಿದಿನವೂ ಹೀಗೆಯೇ. ಮೀನು, ಮಾಂಸ, ಕಾಳು, ಸೊಪ್ಪು ಚೆನ್ನಾಗಿ ತಿನ್ನುವವರ ದೇಹ ಈ ನಷ್ಟವನ್ನು ತುಂಬಿಕೊಳ್ಳಬಹುದು. ಅನ್ನ, ಉಪ್ಪುಕಾರದ ಸಾರು, ಸಕ್ಕರೆ ಹಾಕಿದ ಕರಿಕಾಫಿ ಇಷ್ಟರಲ್ಲೇ ದಿನ ಕಳೆಯುವವರು ಎಲ್ಲಿಂದ ತುಂಬಿಯಾರು? ಮುಖ ಬಿಳಿಚುತ್ತದೆ, ಏರು ಹತ್ತುವಾಗ ಏದುಸಿರು ಬರುತ್ತದೆ, ಎದೆ ಡವಡವನೆ ಹೊಡೆದುಕೊಳ್ಳುತ್ತದೆ. ಕೆಲವರಿಗೆ ಮಣ್ಣು ತಿನ್ನುವ ಆಸೆಯಾಗುತ್ತದೆ. ಮಕ್ಕಳು ಬೆಳೆಯುವುದಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ. ಬಸುರಿಯಾದ ಹೆಣ್ಣುಮಗಳಿಗೆ ಹೆರಿಗೆಯ ಹೊತ್ತಿಗೆ ಪ್ರಾಣಕ್ಕೇ ಅಪಾಯ.

ದುಂಡುಹುಳು ಬರುವ ದಾರಿ ಬೇರೆ. ಒಂದು ಹೆಣ್ಣುಹುಳು ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮಣ್ಣಾದ ಕೈ, ಉಗುರು, ತೊಳೆಯದ ಸೊಪ್ಪುತರಕಾರಿ, ಕೊಳೆ ನೀರು, ಇವುಗಳಿಂದ ಬಾಯಿಗೆ ಬರುತ್ತದೆ.

ಸೋಮಾರಿತನವೋ, ರೋಗವೋ?

ಕಾಫಿ ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದ ಕೆಲಸವಿರುವಾಗ ಒಬ್ಬಳ ಚೀಲ ತುಂಬುತ್ತದೆ, ಪಕ್ಕದವಳ ಚೀಲ ಅರ್ಧವೂ ತುಂಬುವುದಿಲ್ಲ. ಮೇಸ್ತ್ರಿ ಗದರುತ್ತಾನೆ. ರೈಟರು ಸೋಮಾರಿಯೆಂದು ಬೈಯುತ್ತಾರೆ. ಅವಳು ಆದಿವಾಸಿಯಾಗಿದ್ದರೆ ಅವಳ ಕುಲವನ್ನೇ ಎತ್ತಿ ಆಡುವವರೂ ಉಂಟು. ಅವಳ ಮೈಯಲ್ಲಿ ರಕ್ತವೆಷ್ಟಿದೆ ಎಂದು ಕೇಳುವವರು ಯಾರು?

ಇದು ನಮ್ಮ ದೇಶದಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ದಕ್ಷಿಣ ಭಾಗದ ಬಡ ಬಿಳಿಯರನ್ನೂ ಅಲ್ಲಿನ ಸಿರಿವಂತರು ಸೋಮಾರಿಗಳೆಂದೇ ಕರೆಯುತ್ತಿದ್ದರು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ ಅವರಲ್ಲಿ ಕೊಕ್ಕೆಹುಳು ವಿಪರೀತವಾಗಿದೆಯೆಂದು ತೋರಿಸಿಕೊಟ್ಟಾಗ, ಪತ್ರಿಕೆಗಳು ಅದಕ್ಕೆ ಸೋಮಾರಿತನದ ಕ್ರಿಮಿ ಎಂದು ಹೆಸರಿಟ್ಟು ನಕ್ಕವು. ಅಲ್ಪೈನ್ ಬೆಟ್ಟಗಳಡಿ ಗೊಟ್ಹಾರ್ಡ್ ಸುರಂಗ ತೋಡಿದ ಕಾರ್ಮಿಕರು ಬಿಳಿಚಿ ಬಿದ್ದು ಸಾಯುತ್ತಿದ್ದಾಗ, 1880ರಲ್ಲಿ ಇಟಲಿಯ ಪೆರೊಂಚಿಟೋ ಎಂಬುವರು ಪರೀಕ್ಷೆ ಮಾಡಿ ಇದೇ ಹುಳುವನ್ನು ಕಂಡರು. ಬಿಸಿಯಾದ, ತೇವದ ಸುರಂಗದಲ್ಲಿ ಕಕ್ಕಸಿಲ್ಲದೆ ಸಾವಿರಾರು ಜನ ದುಡಿದದ್ದೇ ಕಾರಣ. ಬಣ್ಣ, ಜಾತಿ, ಕುಲ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಕಕ್ಕಸಿಲ್ಲದ ಕಡೆ ಜನರನ್ನು ಒತ್ತಾಗಿ ಇಟ್ಟು ದುಡಿಸಿದರೆ ಯಾರಿಗಾದರೂ ಹುಳು ಹತ್ತುತ್ತದೆ.

ಆದಿವಾಸಿಗಳ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಯೋಚಿಸಬೇಕು. ಕಾಡಿನೊಳಗೆ ಕೆಲವೇ ಮನೆಗಳ ಹಾಡಿಯಲ್ಲಿ ಬದುಕಿದ್ದವರಿಗೆ ವಿಶಾಲವಾದ ಜಾಗವಿತ್ತು. ಇಂದು ಹೋದ ಕಡೆಗೆ ನಾಳೆ ಹೋಗಬೇಕಾಗಿರಲಿಲ್ಲ. ಅದೇ ಜನರನ್ನು ಕಾಡಿನಿಂದ ಹೊರಹಾಕಿ, ಒಂದು ಸಾಲಿನ ಲೈನ್ ಮನೆಗಳಲ್ಲಿ ತುಂಬಿ, ಹಿತ್ತಲಿನ ಒಂದು ತುಂಡು ಕಾಫಿಗಿಡದ ನೆರಳನ್ನೇ ಎಲ್ಲರೂ ದಿನವೂ ಬಳಸುವಂತೆ ಮಾಡಿದರೆ ಏನಾಗುತ್ತದೆ? ಕೊಕ್ಕೆಹುಳುವಿಗೆ ಬೇಕಾದ ನೆರಳೂ ತೇವವೂ ಬರಿಗಾಲೂ ಒಂದೇ ಕಡೆ ಸಿಕ್ಕಿದಂತಾಯಿತು. ಇದನ್ನು ಅವರ ಸಂಸ್ಕೃತಿಯ ದೋಷವೆನ್ನಬಹುದೇ? ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದವರ ಹೊಣೆಯಲ್ಲವೇ?

ಹಳೆಯ ಪಾಠ

1916ರಲ್ಲಿ ಸಿಲೋನಿನ ತೋಟಗಳಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದವರು ಕೊಕ್ಕೆಹುಳುವಿನ ವಿರುದ್ಧ ದೊಡ್ಡ ಕೆಲಸ ಆರಂಭಿಸಿದರು. ಅಲ್ಲಿ ದುಡಿಯುತ್ತಿದ್ದವರು ದಕ್ಷಿಣ ಭಾರತದಿಂದ ಹಡಗು ಹತ್ತಿ ಹೋದ ಕೂಲಿಗಳು. ಅವರಿಗೆ ಔಷಧ ಕುಡಿಸಿದರು, ಹುಳು ಬಿದ್ದಿತು. ಆದರೆ ಕಕ್ಕಸು ಕಟ್ಟಿಸುವ ಖರ್ಚಿಗೆ ಬಹಳ ತೋಟಗಳ ಮಾಲೀಕರು ಮನಸ್ಸು ಮಾಡಲಿಲ್ಲ. ಮಣ್ಣು ಹಾಗೆಯೇ ಇತ್ತು, ಹುಳು ಮರಳಿ ಬಂದಿತು. ಔಷಧಕ್ಕೆ ಕೈ ಚಾಚಿದ ಮಾಲೀಕರು ಕಕ್ಕಸಿನ ಮಾತು ಬಂದಾಗ ಹಿಂದೆಗೆದರು. ನೂರು ವರ್ಷ ಕಳೆದರೂ ಈ ಪಾಠವನ್ನು ನಾವು ಪೂರ್ತಿ ಕಲಿತಿಲ್ಲ.

ಕಲಿತ ಕಡೆ ಏನಾಯಿತೆಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. ಅದಕ್ಕಾಗಿ ಮಲೆನಾಡಿನಿಂದ ಬಯಲುನಾಡಿಗೆ ಬರಬೇಕು. ದಾಮರಗಿದ್ದ ಎಂಬ ಊರು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಗಡಿಯ ಈಚೆಗೆ ನಮ್ಮ ಯಾದಗಿರಿ ಜಿಲ್ಲೆ. ಆ ನಾಡಿನಲ್ಲಿ ಕನ್ನಡ, ತೆಲುಗು, ತಾಂಡಾಗಳ ಲಂಬಾಣಿ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ. ಅದೇ ಲಂಬಾಣಿ ಕುಟುಂಬ ಗಡಿಯ ಆಚೆ ಪರಿಶಿಷ್ಟ ಪಂಗಡ, ಈಚೆ ಪರಿಶಿಷ್ಟ ಜಾತಿ. ಮಳೆ ತಪ್ಪಿದ ವರ್ಷ ಆ ಊರುಗಳ ಜನ ಗಂಟುಮೂಟೆ ಕಟ್ಟಿ ಕೂಲಿಗೆ ಹೊರಡುವುದು ಹಿಂದಿನಿಂದಲೂ ಉಂಟು. ಪಾಲಮೂರು ಕೂಲಿಗಳೆಂದರೆ ಅಣೆಕಟ್ಟು, ರಸ್ತೆ, ಕಟ್ಟಡದ ಕೆಲಸಗಳಲ್ಲಿ ದೇಶಕ್ಕೆಲ್ಲ ಗೊತ್ತು.

ಕರ್ನಾಟಕ ಮತ್ತು ಅಂದಿನ ಆಂಧ್ರಪ್ರದೇಶ ಸೇರಿ ಏಳು ರಾಜ್ಯಗಳಲ್ಲಿ ನಾರುಹುಣ್ಣು ಎಂಬ ರೋಗವಿತ್ತು. ಬಯಲುಸೀಮೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ, ಒಂದು ವರ್ಷದ ಮೇಲೆ, ಎರಡು ಮೂರು ಅಡಿ ಉದ್ದದ ಹುಳು ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಉರಿ ತಾಳಲಾರದೆ ರೋಗಿ ಬಾವಿಯ ನೀರಿನಲ್ಲಿ ಕಾಲಿಟ್ಟರೆ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಈ ರೋಗಕ್ಕೆ ಮಾತ್ರೆಯಿಲ್ಲ, ಚುಚ್ಚುಮದ್ದೂ ಇಲ್ಲ. ಆದರೂ ಅದು ಹೋಯಿತು! 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಕೊಳವೆಬಾವಿ ತೋಡಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಮನೆಮನೆಗೆ ಹೇಳಿಕೊಟ್ಟರು, ರೋಗಿಗಳನ್ನು ಹುಡುಕಿ ಹುಡುಕಿ ಆರೈಕೆ ಮಾಡಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ. 2000ದ ಫೆಬ್ರವರಿಯಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಮಾತ್ರೆಯೇ ಇಲ್ಲದ ಹುಳುವನ್ನು, ದಾರಿ ಮುಚ್ಚಿ ಓಡಿಸಿದೆವು. ಅಗ್ಗದ ಮಾತ್ರೆಯಿರುವ ಹುಳು ಇನ್ನೂ ನಮ್ಮ ಹೊಟ್ಟೆಯಲ್ಲೇ ಇದೆ. ಯಾಕೆ? ಮಾತ್ರೆ ಕೊಟ್ಟ ಮೇಲೆ ಕೆಲಸ ಮುಗಿಯಿತೆಂದು ಎಲ್ಲರೂ ಕೈತೊಳೆದುಕೊಂಡದ್ದರಿಂದ.

ಬಯಲುನಾಡಿನಿಂದ ತೋಟಕ್ಕೆ ಬಂದವರಿಗೆ ಒಂದು ಎಚ್ಚರಿಕೆ. ಬಿರುಬಿಸಿಲಿಗೆ ಒಣಗಿದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿ ಬಹಳ ಹೊತ್ತು ಬದುಕುವುದಿಲ್ಲ. ತೋಟದ ನೆರಳು, ತರಗೆಲೆ, ಮಳೆಯ ತೇವ ಅದಕ್ಕೆ ತೊಟ್ಟಿಲಿದ್ದಂತೆ. ಊರಿನಲ್ಲಿ ಬರಿಗಾಲಲ್ಲೇ ನಡೆದೆವು, ಏನೂ ಆಗಲಿಲ್ಲ ಎಂಬ ಮಾತು ಇಲ್ಲಿ ನಡೆಯದು.

ಮಾತ್ರೆ ಯಾರಿಗೆ ಸಿಗುತ್ತದೆ?

2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ, ದೊಡ್ಡವರಿಗೆ 400 ಮಿಲಿಗ್ರಾಮಿನ ಒಂದು ಮಾತ್ರೆ ಅಗಿದು ತಿನ್ನಲು. ಒಳ್ಳೆಯ ಕೆಲಸ. ಇದನ್ನು ಬೇಡವೆನ್ನುವ ತಾಯಿತಂದೆಯರಿದ್ದರೆ ಅವರಿಗೆ ಬುದ್ಧಿ ಹೇಳಬೇಕು. ಆ ದಿನ ತಪ್ಪಿದ ಮಗುವಿಗೆ ಮುಂದಿನ ವಾರ ಮತ್ತೆ ಕೊಡುವ ದಿನವುಂಟು.

ಆದರೆ ಎರಡು ಕೊರತೆಗಳನ್ನು ನೋಡಿ. ಮೊದಲನೆಯದು, ಕೊಯ್ಲಿನ ಕಾಲದಲ್ಲಿ ತಾಯಿಯೊಡನೆ ತೋಟದಿಂದ ತೋಟಕ್ಕೆ ಹೋಗುವ ಮಗು ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ದುಂಡುಹುಳು ಮಕ್ಕಳಲ್ಲಿ ಹೆಚ್ಚು, ನಿಜ. ಆದರೆ ಕೊಕ್ಕೆಹುಳು ವಯಸ್ಸಿನೊಡನೆ ಏರುತ್ತದೆ, ದುಡಿಯುವ ದೊಡ್ಡವರಲ್ಲೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯಲ್ಲಿ ಮಕ್ಕಳನ್ನೂ ಹೆರುವ ವಯಸ್ಸಿನ ಹೆಂಗಸರನ್ನೂ ಹೇಳಿ, ಚಹಾ ಎಲೆ ಕೀಳುವವರು, ಗಣಿ ಕಾರ್ಮಿಕರು ಮುಂತಾದವರನ್ನೂ ಹೆಸರಿಸಿಯೇ ಸೇರಿಸಿದೆ. ಅಂದರೆ ನಮ್ಮನ್ನೇ! ಆದರೆ ತೋಟದ ಕಣದಲ್ಲಿ ಹಾಜರಿ ಕೂಗುವ ಹೊತ್ತಿಗೆ ಆರು ತಿಂಗಳಿಗೊಮ್ಮೆ ದೊಡ್ಡವರಿಗೆ ಮಾತ್ರೆ ಕೊಡುವ ಏರ್ಪಾಡು ಎಷ್ಟು ತೋಟಗಳಲ್ಲಿದೆ? ನಿಮ್ಮ ತೋಟದಲ್ಲಿದೆಯೇ?

ಇನ್ನೊಂದು ಎಚ್ಚರ. ಬಿಳಿಚಿಕೊಂಡವರಿಗೆಲ್ಲ ಹುಳುವೇ ಕಾರಣವೆಂದು ತಿಳಿಯಬಾರದು. ಅರೆಹೊಟ್ಟೆಯ ಊಟವೂ ಕಾರಣ, ಮೇಲಿಂದ ಮೇಲೆ ಹೆರಿಗೆಯೂ ಕಾರಣ. ಸೋಲಿಗ, ಜೇನುಕುರುಬ ಮುಂತಾದ ಆದಿವಾಸಿಗಳಲ್ಲಿ ಕುಡುಗೋಲು ಕಣದ ರಕ್ತರೋಗವೂ ಉಂಟು. ಅದು ತಾಯಿತಂದೆಯರಿಂದ ಬರುವಂಥದು, ಅದರ ಪರೀಕ್ಷೆಗೆಂದು 2023ರ ಜುಲೈಯಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹೆಂಗಸರಲ್ಲಿ ಶೇ. 57 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ರಕ್ತ ಪರೀಕ್ಷೆಯೇ ಇಲ್ಲದೆ ಒಂದು ಮಾತ್ರೆ ಕೊಟ್ಟು ಕಳುಹಿಸುವುದು ಸಾಲದು.

ಕಾನೂನು ಏನು ಹೇಳುತ್ತದೆ?

ತೋಟದಲ್ಲಿ ಕುಡಿಯುವ ನೀರು, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಕಕ್ಕಸು, ಮನೆ, ವೈದ್ಯಕೀಯ ನೆರವು ಇವುಗಳನ್ನು ಮಾಲೀಕರು ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಈಗ ಅದರ ಸ್ಥಾನದಲ್ಲಿ ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಬಗೆಗಿನ 2020ರ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಅದರಲ್ಲಿಯೂ ತೋಟದ ಕಾರ್ಮಿಕನ ಕುಟುಂಬಕ್ಕೆ ಕೊಡುವ ಮನೆಯೊಡನೆ ಕುಡಿಯುವ ನೀರು, ಅಡಿಗೆಮನೆ, ಕಕ್ಕಸು ಇರಬೇಕೆಂದಿದೆ. ಕಾಯ್ದೆಯ ಹೆಸರು ಬದಲಾಯಿತೆಂದು ಹಕ್ಕು ಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಕರ್ನಾಟಕದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿದಾರರು. ಸಣ್ಣ ತೋಟಗಳು ಹಳೆಯ ಕಾಯ್ದೆಯ ಕಾಲದಿಂದಲೂ ಕಾನೂನಿನ ಕೈಗೆ ಸಿಗದೆ ಉಳಿದಿವೆ. ಅಲ್ಲಿ ಇರುವವರು ಪಂಚಾಯಿತಿಗೆ ಹೋಗಿ ಕಕ್ಕಸಿಗೆ ಸರ್ಕಾರದ ಸಹಾಯಧನ ಕೇಳಿದರೆ, ಮನೆ ನಿಮ್ಮದೇ, ಜಾಗದ ದಾಖಲೆಯಿದೆಯೇ ಎಂಬ ಪ್ರಶ್ನೆ ಬರುತ್ತದೆ. ಲೈನ್ ಮನೆ ಮಾಲೀಕರದು, ಕಾಡಂಚಿನ ಗುಡಿಸಲಿಗೆ ಪತ್ರವಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದ್ದು ನಮಗೆ ನೆನಪಿದೆ. ಲೈನ್ ಮನೆಯ ಬಾಳು ಸಾಕಾಗಿ ಸ್ವಂತ ನೆಲೆ ಬೇಕೆಂದವರು ಅವರಲ್ಲಿ ಬಹಳ ಮಂದಿ. ನಿಲ್ಲಲು ನೆಲವಿಲ್ಲದವರು ಕಕ್ಕಸು ಎಲ್ಲಿ ಕಟ್ಟಿಯಾರು? 2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳೆಲ್ಲ ಬಯಲು ಶೌಚದಿಂದ ಮುಕ್ತವೆಂದು ಸಾರಲಾಯಿತು. ನಮ್ಮ ಲೈನುಗಳನ್ನೂ ಹಾಡಿಗಳನ್ನೂ ಒಮ್ಮೆ ಸುತ್ತಿ ಬಂದವರಿಗೆ ಆ ಮಾತಿನ ಸತ್ಯ ತಿಳಿಯುತ್ತದೆ.

ಕಟ್ಟಿಕೊಟ್ಟರೂ ಅವರು ಬಳಸುವುದಿಲ್ಲ, ಸೌದೆ ತುಂಬುತ್ತಾರೆ ಎಂಬ ದೂರು ಉಂಟು. ಅದರಲ್ಲಿ ಸ್ವಲ್ಪ ನಿಜವಿದೆ, ಒಪ್ಪೋಣ. ಆದರೆ ಬಾಗಿಲಿಲ್ಲದ, ನಲ್ಲಿಯಿಲ್ಲದ, ಗುಂಡಿ ತುಂಬಿ ಉಕ್ಕುವ ಒಂದು ಕಕ್ಕಸನ್ನು ನಾಲ್ಕಾರು ಮನೆಗೆ ಕೊಟ್ಟು, ನೀರನ್ನು ಇಳಿಜಾರಿನ ಕೆಳಗಿನ ತೋಡಿನಿಂದ ಹೊತ್ತು ತನ್ನಿ ಎಂದರೆ ಯಾರು ಬಳಸಿಯಾರು? ನೀರಿಲ್ಲದ ಕಕ್ಕಸು ಕಕ್ಕಸಲ್ಲ.

ನಾವು ಮಾಡಬೇಕಾದದ್ದು

ಇಸ್ರಾಯೇಲ್ಯರು ಅಡವಿಯಲ್ಲಿ ಪಾಳೆಯ ಹಾಕಿದ್ದಾಗ, ಶೌಚಕ್ಕೆ ಪಾಳೆಯದ ಹೊರಗೆ ಸ್ಥಳವಿರಬೇಕು, ಅಗೆಯಲು ಸಲಕರಣೆಯಿರಬೇಕು, ಮಣ್ಣು ಮುಚ್ಚಬೇಕು ಎಂಬ ಕಟ್ಟಳೆ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿದೆ. ಇಂಥ ಮಾತು ಹೇಳುವುದು ಕೀಳೆಂದು ಅಲ್ಲಿ ಯಾರೂ ತಿಳಿಯಲಿಲ್ಲ. ನಾವೂ ನಾಚಿಕೆ ಬಿಟ್ಟು ಮಾತಾಡಬೇಕು.

ಮೊದಲು ನಮ್ಮ ಮನೆಯ ಕೆಲಸ. ಇರುವ ಕಕ್ಕಸನ್ನು ಬಳಸೋಣ, ಸರದಿಯಂತೆ ತೊಳೆಯೋಣ. ಕೂಸಿನ ಮಲದಿಂದ ದೋಷವಿಲ್ಲವೆಂದು ಅಂಗಳಕ್ಕೆ ಎಸೆಯುವುದು ತಪ್ಪು. ಅದೂ ಕಕ್ಕಸಿಗೇ ಹೋಗಬೇಕು. ಶೌಚದ ಮೇಲೂ ಊಟಕ್ಕೆ ಮುಂಚೆಯೂ ಸಾಬೂನಿನಿಂದ ಕೈ ತೊಳೆಯೋಣ. ಮಕ್ಕಳ ಉಗುರು ಕತ್ತರಿಸೋಣ. ಹಿತ್ತಲಿಗೆ ಹೋಗುವಾಗಲೂ ಚಪ್ಪಲಿ ಹಾಕೋಣ, ಮಕ್ಕಳಿಗೂ ಹಾಕಿಸೋಣ. ಹಸಿ ತರಕಾರಿ, ಸೊಪ್ಪನ್ನು ಚೆನ್ನಾಗಿ ತೊಳೆಯೋಣ. ಬಸುರಿಯರು ಮೊದಲ ಮೂರು ತಿಂಗಳು ಹುಳುವಿನ ಮಾತ್ರೆ ನುಂಗಬಾರದು. ಆಮೇಲೆ ನರ್ಸಮ್ಮನನ್ನೋ ಡಾಕ್ಟರನ್ನೋ ಕೇಳಿ ತೆಗೆದುಕೊಳ್ಳಬೇಕು, ಕಬ್ಬಿಣದ ಮಾತ್ರೆಯನ್ನೂ ಬಿಡಬಾರದು.

ಆದರೆ ಇಷ್ಟಕ್ಕೇ ನಿಂತರೆ ಹೊರೆಯೆಲ್ಲ ಬಡವನ ತಲೆಗೇ ಬಿತ್ತು. ಆದ್ದರಿಂದ ಒಟ್ಟಾಗಿ ಕೇಳಬೇಕಾದದ್ದೂ ಇದೆ. ಲೈನಿನ ಪ್ರತಿ ಮನೆಗೂ ಬಾಗಿಲು, ನೀರು, ಸರಿಯಾದ ಗುಂಡಿ ಇರುವ ಕಕ್ಕಸು. ಕೆಲಸದ ಜಾಗದಲ್ಲಿ ಹೆಂಗಸರಿಗೆ ಪ್ರತ್ಯೇಕ ಕಕ್ಕಸು. ಮಳೆಗಾಲಕ್ಕೆ ಮುಂಚೆ ಪ್ರತಿ ಕಾರ್ಮಿಕರಿಗೂ ಬೂಟು. ಮಕ್ಕಳ ಮಾತ್ರೆಯ ದಿನವೇ ದೊಡ್ಡವರಿಗೂ ಮಾತ್ರೆ, ಕೂಲಿ ಕಡಿತವಿಲ್ಲದೆ. ವರ್ಷಕ್ಕೊಮ್ಮೆ ಎಲ್ಲರಿಗೂ ರಕ್ತ ಪರೀಕ್ಷೆ. ಹಾಡಿಗಳಲ್ಲಿ ಇರುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಹಕ್ಕುಪತ್ರ, ಅದರ ಹಿಂದೆಯೇ ಮನೆ ಮತ್ತು ನೀರು. ಇವುಗಳನ್ನು ಒಬ್ಬೊಬ್ಬರೇ ಹೋಗಿ ಕೇಳಿದರೆ ಬಂಗಲೆಯ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ. ಸಂಘದ ಮೂಲಕ, ಬರಹದಲ್ಲಿ, ಒಂದು ಪ್ರತಿ ಕಾರ್ಮಿಕ ಇಲಾಖೆಗೂ ಒಂದು ಪ್ರತಿ ಪಂಚಾಯಿತಿಗೂ ಕೊಟ್ಟು ಕೇಳಬೇಕು.

ಹೀಗೆ ಕೇಳುವಾಗ ಯರವರ ಲೈನು ಬೇರೆ, ನಮ್ಮ ಲೈನು ಬೇರೆ ಎನ್ನುವ ಹಾಗಿಲ್ಲ. ಮೇಲಿನ ಸಾಲಿನ ಮನೆಗಳಿಗೆ ಮಾತ್ರ ಕಕ್ಕಸು ಬಂದು ಕೆಳಗಿನ ಸಾಲಿಗೆ ಬಾರದಿದ್ದರೆ ಮಳೆನೀರು ಎರಡನ್ನೂ ಒಂದು ಮಾಡುತ್ತದೆ. ನಾವು ತುಳಿಯುವ ಮಣ್ಣು ಒಂದೇ. ಬರುವ ಮಳೆಗಾಲಕ್ಕೆ ಮುಂಚೆ ನಿಮ್ಮ ಲೈನಿನಲ್ಲಿ ಮನೆಗಳೆಷ್ಟು, ಕಕ್ಕಸುಗಳೆಷ್ಟು, ಅವುಗಳಲ್ಲಿ ನೀರಿರುವುದು ಎಷ್ಟಕ್ಕೆ ಎಂದು ಎಣಿಸಿ ಬರೆದಿಡಿ. ಕೇಳಲು ಹೋಗುವಾಗ ಆ ಲೆಕ್ಕ ಕೈಯಲ್ಲಿರಲಿ.